ನಾಲ್ಕು ಗಂಟೆಯ ಮೇಲೆ

೪-೧-೧೯೬೫, ಸೋಮವಾರ

ಸ್ಟಾಪ್‌ವಾಚಿಗೆ ಕೀ ಕೊಟ್ಟಿದ್ದು ಇದು ಮೂರನೇ ಸಲ. ಸರಿಯಾಗಿಯೇ ಓಡುತ್ತಿದೆ. ಕಾಲೇಜಿನ ಲ್ಯಾಬಿನದು, ಸಹಿ ಹಾಕಿ ತಂದದ್ದು. ಕಳೆದರೆ ಚರ್ಮ ಸುಲಿಯುತ್ತಾರೆ. ಅಬ್ಬಾ ಕಿವಿಯ ಹತ್ತಿರ ಹಿಡಿದು ಕೇಳಿ, ಗಂಟೆ ತೋರಿಸದ ಗಡಿಯಾರ ಎಂಥದು ಎಂದರು. ವಿವರಿಸಲು ಹೋಗಲಿಲ್ಲ.

ಈ ಪುಸ್ತಕ ಕನ್ನಡದಲ್ಲೇ ಮುಂದುವರಿಯಲಿ. ಅಬ್ಬಾಗೆ ಉರ್ದು ಬಿಟ್ಟು ಬೇರೆ ಓದು ಬಾರದು. ಫೂಫಿಗೆ ಯಾವ ಓದೂ ಬಾರದು. ಬೀಗ ಹಾಕುವ ಕೆಲಸವಿಲ್ಲ.

ಕೋರ್ಸಿನ ಹೆಸರು ಹೇಳಿ ಹೇಳಿ ಸಾಕಾಗಿದೆ. ಅರ್ಧ ಎಂಜಿನಿಯರಿಂಗು, ಅರ್ಧ ಮ್ಯಾನೇಜ್‌ಮೆಂಟು. ಯಂತ್ರ ಹೇಗೆ ಓಡುತ್ತದೆ ಅನ್ನುವುದೂ, ಯಂತ್ರದ ಮುಂದೆ ಕೂತವರನ್ನು ಹೇಗೆ ಓಡಿಸಬೇಕು ಅನ್ನುವುದೂ. ಮೊದಲ ಅರ್ಧದಲ್ಲಿ ನಾನು ಗಟ್ಟಿಗ. ಎರಡನೆಯದರಲ್ಲಿ ಹೋದ ಪರೀಕ್ಷೆಯಲ್ಲಿ ಮುಗ್ಗರಿಸಿದೆ. ಗೈಡು ನೇರವಾಗಿಯೇ ಹೇಳಿದರು — ಡಿಸರ್ಟೇಷನ್ ಪ್ರಬಂಧ ಚೆನ್ನಾಗಿ ಬಂದರೆ ಡಿಗ್ರಿ, ಇಲ್ಲದಿದ್ದರೆ ಇಲ್ಲ. ಸ್ಕಾಲರ್‌ಷಿಪ್ಪು ಎರಡೇ ವರ್ಷಕ್ಕೆ. ಮೂರನೇ ವರ್ಷ ಎಂಬುದು ನನ್ನ ಹಣೆಯಲ್ಲಿ ಬರೆದಿಲ್ಲ.

ಅದಕ್ಕೇ ಗಂಗಾಧರಯ್ಯನವರ ಕಡಲೆಕಾಯಿ ಮಿಲ್ಲು. ಶಿರಾದಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳುವಂಥವುಗಳಲ್ಲಿ ನನಗೆ ಒಪ್ಪಿಗೆ ಸಿಕ್ಕಿದ್ದು ಅದೊಂದೇ. ಮಿಷನ್ನು ಕಾಯಿ ಸುಲಿದು ಬೀಜ ಉದುರಿಸುತ್ತದೆ. ಇಪ್ಪತ್ತನಾಲ್ಕು ಹೆಂಗಸರು ಮೊರ ಹಿಡಿದು ಹಸನು ಮಾಡುತ್ತಾರೆ — ಕಲ್ಲು, ಜೊಳ್ಳು, ಮುರುಕು ಎಲ್ಲ ಬೇರೆ. ನಮ್ಮ ಫೂಫಿ ಚಾಂದ್ ಬಿ ಅಲ್ಲಿ ಹದಿನೆಂಟು ವರ್ಷದಿಂದ ಇದ್ದಾಳೆ. ಅಮ್ಮಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ, ಅಬ್ಬಾನ ಅಕ್ಕ.

ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಚಂದ್ರ ಕಂಡಿತಂತೆ. ನಾಳೆಯಿಂದ ರಂಜಾನಿನ ರೋಜಾ.

೬-೧-೧೯೬೫, ಬುಧವಾರ

ಮೊದಲ ದಿನ. ಬೋರ್ಡು, ಪೆನ್ಸಿಲು, ವಾಚು ಹಿಡಿದು ಶೆಡ್ಡಿನಲ್ಲಿ ನಿಂತದ್ದೇ ತಡ, ಇಪ್ಪತ್ತನಾಲ್ಕು ಮುಖವೂ ನನ್ನ ಕಡೆಗೆ. ತಾವರೆಕೆರೆಯ ದಾಸಮ್ಮನದು ಎಲ್ಲರಿಗಿಂತ ದೊಡ್ಡ ಬಾಯಿ.

"ಇದೇನಪ್ಪಾ ಸಾಬರ ಮಗ, ನಮ್ ನಾಡಿ ನೋಡಕ್ ಬಂದ್ಯಾ?"

ನಿಡುಗಲ್ ಕಡೆಯ ಪಟಾಲಮ್ಮ ತನ್ನ ಅರ್ಧ ತೆಲುಗಿನಲ್ಲಿ, "ನಾಡಿ ಕಾದಮ್ಮಾ, ಲೆಕ್ಕ ಬರ್ಕಂತಾನೆ," ಅಂದಳು. ಶೆಡ್ಡೆಲ್ಲ ನಗು.

ಕೆಲಸಕ್ಕಿಂತ ಮಾತು ಜಾಸ್ತಿ. ಒಬ್ಬಳು ನೀರಿಗೆ ಎದ್ದರೆ ಜೊತೆಗೆ ಇಬ್ಬರು. ದಾಸಮ್ಮನ ಎಲೆಅಡಿಕೆ ಚೀಲ ಎಷ್ಟು ಸಲ ಬಿಚ್ಚಿತೋ. ಒಬ್ಬಳು ಬೇವಿನ ಮರದ ಕೆಳಗೆ ಮಗುವಿಗೆ ಹಾಲು ಕೊಟ್ಟು ಬಂದಳು. ಸಂಜೆಗೆ ತಲೆಗೆ ಆರು ಪುಟ್ಟಿ, ಅಂದರೆ ಆರು ಬುಟ್ಟಿ ಹಸನಾದ ಬೀಜ. ಮೇಸ್ತ್ರಿ ಚನ್ನಮಲ್ಲಯ್ಯನನ್ನು ಕೇಳಿದರೆ, "ಯಾವಾಗ್ಲೂ ಅಷ್ಟೇ ಸ್ವಾಮಿ. ಯಾರು ಬರೆದಿಟ್ಟವ್ರೆ?" ಎಂದ. ಎಲ್ಲರೂ ಒಂದೇ ರಾಶಿಗೆ ಸುರಿಯುತ್ತಾರೆ, ಕೊನೆಗೆ ಮೂಟೆ ತೂಗುತ್ತಾರೆ, ಮುಗಿಯಿತು.

ಇದನ್ನು ತೆಗೆದುಕೊಂಡು ಹೋದರೆ ಗೈಡು ನಗುತ್ತಾರೆ. ಚಾರ್ಟಿನಲ್ಲಿ ಮೂರನೇ ಒಂದು ಭಾಗ ಸುಮ್ಮನೆ ಕೂತ ಹೊತ್ತು. ಇವತ್ತಿನದು ಟ್ರಯಲ್ ಎಂದುಕೊಂಡೆ. ಶೀಟು ಮಡಚಿ ಈ ಪುಸ್ತಕದ ಹಿಂಬದಿಗೆ ಸಿಕ್ಕಿಸಿದ್ದೇನೆ.

ಇಫ್ತಾರ್ ಆದ ಮೇಲೆ ಫೂಫಿ ಹತ್ತಿರ ಕೂತು ಕೇಳಿದಳು, ಆ ಗಡಿಯಾರದಲ್ಲಿ ಏನು ನೋಡುತ್ತೀ ಬೇಟಾ ಎಂದು. ಒಂದು ಪುಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ, ಎಂದೆ. ಅದನ್ನು ಯಾರು ನೋಡುತ್ತಾರೆ? ಪ್ರೊಫೆಸರು. "ಹೊತ್ತು ಕಮ್ಮಿಯಾದ್ರೆ ನಿನಗೆ ಮಾರ್ಕು ಜಾಸ್ತಿನಾ?"

ತಲೆ ಸಿಡಿಯುತ್ತಿತ್ತು. ಸ್ಟ್ಯಾಂಡರ್ಡ್ ಟೈಮ್ ಎಂದರೇನು ಎಂದು ಫೂಫಿಗೆ ಹೇಳಲು ಕೂತರೆ ಬೆಳಗಿನ ಜಾವದ ಸೆಹರಿಯಾಗುತ್ತದೆ. ಹೌದು ಅಂದುಕೋ, ಎಂದೆ. ತಲೆಯಾಡಿಸಿ ಪಾತ್ರೆ ತೊಳೆಯಲು ಹೋದಳು.

೭-೧-೧೯೬೫

ಒಂಬತ್ತು! ತಲೆಗೆ ಒಂಬತ್ತು ಪುಟ್ಟಿ. ಎರಡು ಸಲ ಕೂಡಿದೆ.

ಶೆಡ್ಡಿನಲ್ಲಿ ಮಾತೇ ಇಲ್ಲ. ಮೊರದ ಸದ್ದು ಮಾತ್ರ. ರೋಜಾ ಇರುವವರು ಐದು ಜನ, ಉಳಿದವರಿಗೇನಾಗಿದೆ? ನೀರಿನ ಹಂಡೆ ತುಂಬಿದ್ದು ತುಂಬಿದ ಹಾಗೇ ಇತ್ತು. ದಾಸಮ್ಮ ಚೀಲ ಬಿಚ್ಚಲಿಲ್ಲ. ಅವಳ ಬಾಯಿಗೂ ರೋಜಾ. ಚನ್ನಮಲ್ಲಯ್ಯನ ಕಡೆ ನೋಡಿದರೆ ಅವನು ನೆಲ ನೋಡಿ ನಗುತ್ತಿದ್ದ.

ನನಗೋ ಖಾಲಿ ಹೊಟ್ಟೆಯಲ್ಲಿ ನಿಂತು ನಿಂತು ಕಣ್ಣು ಕತ್ತಲೆ. ನಾಲ್ಕಕ್ಕೆ ಹೊರಟುಬಿಟ್ಟೆ. ಇನ್ನು ದಿನಾ ಅಷ್ಟೇ. ಒಂಬತ್ತರಿಂದ ನಾಲ್ಕು. ಮಿಲ್ಲು ಬಿಡುವುದು ಐದಕ್ಕೆ, ಆದರೆ ಒಂದು ತಾಸಿನಲ್ಲಿ ಏನು ಕಡಿದು ಗುಡ್ಡೆ ಹಾಕುತ್ತಾರೆ... ಸರಾಸರಿ ಸಾಕು.

ಅಜಾನ್ ಆದರೂ ಫೂಫಿ ಬರಲಿಲ್ಲ. ಅಬ್ಬಾ, ನಾನು ಇಬ್ಬರೇ ಖರ್ಜೂರ ಬಾಯಿಗೆ ಹಾಕಿಕೊಂಡೆವು. ದೀಪ ಹಚ್ಚಿದ ಮೇಲೆ ಬಂದಳು. ಅಲ್ಲೇ ನೀರು ಕುಡಿದು ರೋಜಾ ಬಿಟ್ಟಳಂತೆ. ಹರಟೆ ಇರಬೇಕು. ಹಗಲೆಲ್ಲ ಬಾಯಿ ಕಟ್ಟಿಕೊಂಡವರು ಸಂಜೆ ಬಿಚ್ಚುತ್ತಾರೆ.

೮-೧-೧೯೬೫

ಒಂಬತ್ತೇ. ಜುಮ್ಮಾ ನಮಾಜಿಗೆ ಒಂದು ಗಂಟೆ ಹೋಗಿ ಬಂದೆ. ಫೂಫಿ ಇವತ್ತೂ ತಡ. ಗಂಜಿ ನಾನೇ ಬಿಸಿ ಮಾಡಿ ತಳ ಹಿಡಿಸಿದೆ. ಅಬ್ಬಾ ಅದನ್ನೇ ಕುಡಿದರು.

೯-೧-೧೯೬೫, ಶನಿವಾರ

ಒಂಬತ್ತು. ಗ್ರಾಫಿನ ಗೆರೆ ಎಷ್ಟು ಚೆಂದ ಬರುತ್ತಿದೆಯೆಂದರೆ, ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ. ಮ್ಯಾನೇಜ್‌ಮೆಂಟ್ ನನ್ನಿಂದಾಗದ್ದು ಅಂತ ಯಾರು ಹೇಳಿದ್ದು? ಫೂಫಿ ಇವತ್ತೂ ಕತ್ತಲಾದ ಮೇಲೆಯೇ ಬಂದದ್ದು. ಸಿಟ್ಟು ಬಂತು. ಹಬ್ಬದ ತಿಂಗಳು, ಮನೆಯಲ್ಲಿ ಇಬ್ಬರು ಗಂಡಸರು, ಇವಳಿಗೆ ಮಿಲ್ಲೇ ಹೆಚ್ಚಾಯಿತು.

೧೨-೧-೧೯೬೫, ಮಂಗಳವಾರ

ಐದು ದಿನದ ಸ್ಟಡಿ ಮುಗಿಯಿತು. ನಿನ್ನೆ ಒಂಬತ್ತು, ಇವತ್ತು ಒಂಬತ್ತೂವರೆ. ವಾಚು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟೆ.

ಫೂಫಿ ಎರಡು ದಿನವೂ ತಡ. ಬೆರಳ ತುದಿ ಬಿರಿದಿವೆ, ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಏನಾಯಿತು ಎಂದರೆ, ಚಳಿಗೆ, ಎಂದಳು.

೧೪-೧-೧೯೬೫

ಸಂಕ್ರಾಂತಿ. ಮಿಲ್ಲಿಗೆ ರಜ. ದಾಸಮ್ಮ ಬಾಗಿಲಿಗೆ ಬಂದು ಎಳ್ಳುಬೆಲ್ಲದ ಪೊಟ್ಟಣ ಕೊಟ್ಟಳು. "ಈಗ್ಲೇ ತಿನ್ಬ್ಯಾಡಿ, ಸಂಜೆ ಉಪಾಸ ಬುಡ್ತೀರಲ್ಲ ಆವಾಗ." ನನ್ನನ್ನು ನೋಡಿ, "ಎಂಗಾಯ್ತಪ್ಪ ನಿನ್ ಪರೀಕ್ಷೆ?" ಎಂದಳು. ಚೆನ್ನಾಗಿ ಆಯ್ತು, ಎಂದೆ.

"ಆಗ್ದೆ ಏನು. ನಾವಿಲ್ವಾ?"

ಮುದುಕಿಯ ಜಂಬ ನೋಡಿ ನಗು ಬಂತು. ಫೂಫಿ ಅವಳನ್ನು ಕಣ್ಣಲ್ಲೇ ಗದರಿದಳು. ಏಕೋ.

೨೯-೧-೧೯೬೫

ನಾಲ್ಕನೇ ಅಧ್ಯಾಯ. ಮಿಲ್ಲಿಗೆ ದಿನಕ್ಕೆ ಬೇಕಾದದ್ದು ನೂರ ನಲವತ್ತನಾಲ್ಕು ಪುಟ್ಟಿ. ಒಬ್ಬಳಿಗೆ ಒಂಬತ್ತು. ಭಾಗಿಸಿದರೆ ಹದಿನಾರು. ಅಂದರೆ ಹದಿನಾರು ಜನ ಸಾಕು.

ಆದರೆ ಇದು ಕಾಗದದ ಮೇಲಿನ ಮಾತು. ಜನದ ಸಂಖ್ಯೆ ಹೇಳದಿದ್ದರೆ ಅದು ಮ್ಯಾನೇಜ್‌ಮೆಂಟೇ ಅಲ್ಲ ಅನ್ನುತ್ತಾರೆ ಗೈಡು. ಉಳಿದ ಎಂಟು ಜನರನ್ನು ಬೇರೆ ಕೆಲಸಕ್ಕೆ ಹಚ್ಚಬಹುದು ಎಂದು ಒಂದು ಸಾಲು ಸೇರಿಸಿದೆ. ಯಾವ ಕೆಲಸ ಎಂದು ಬರೆಯಲಿಲ್ಲ. ಗೊತ್ತಿದ್ದರೆ ತಾನೇ.

೨೦-೨-೧೯೬೫, ಬೆಂಗಳೂರು, ಹಾಸ್ಟೆಲು

ಗೈಡು ಮಾರ್ಜಿನ್ನಿನಲ್ಲಿ ಕೆಂಪು ಶಾಯಿಯಲ್ಲಿ 'ಎಕ್ಸಲೆಂಟ್' ಎಂದು ಬರೆದಿದ್ದಾರೆ. ಎರಡು ವರ್ಷದಲ್ಲಿ ನನಗೆ ಮೊದಲನೆಯದು. ಒಂದು ತಗಡಿನ ಶೆಡ್ಡಿನಿಂದ ಐವತ್ತು ಪರ್ಸೆಂಟ್ ಹೆಚ್ಚು ಕೆಲಸ ತೆಗೆದಿದ್ದೀರಿ, ಎಂದರು. ವೈವಾ ಏಪ್ರಿಲ್ ಇಪ್ಪತ್ತಾರಕ್ಕೆ. ಮದರಾಸಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ.

ಒಂದೇ ಪ್ರಶ್ನೆ ಕೇಳಿದರು. ಶುರು ಮಾಡಿದ್ದು ಆರನೇ ತಾರೀಖಲ್ಲವೇ, ಆ ದಿನದ ಶೀಟು ಎಲ್ಲಿ? ಅದು ಟ್ರಯಲ್ ಸರ್, ಕೆಟ್ಟುಹೋಯಿತು, ಎಂದೆ. ಕೆಟ್ಟಿರಲಿಲ್ಲ. ಯಾಕೆ ಹಾಗೆ ಹೇಳಿದೆನೋ... ಹೇಳಿದ್ದು ಹೌದು.

೧-೩-೧೯೬೫, ಶಿರಾ

ಒಂದು ದಿನದ ಮಟ್ಟಿಗೆ ಬಂದಿದ್ದೆ. ಗಂಗಾಧರಯ್ಯನವರು ಕಾಪಿ ಕೇಳಿದ್ದರಲ್ಲ, ಕಾರ್ಬನ್ ಕಾಪಿ ಕೊಟ್ಟೆ. ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಅಬ್ಬಾ ಅದೇ ಮನೆಗೆ ಪಾತ್ರೆಗಳಿಗೆ ಕಲಾಯಿ ಹಾಕಲು ಹೋಗಿ ಹಿತ್ತಲಲ್ಲಿ ಕೂರುತ್ತಿದ್ದರು. ನಾನು ನಡುಮನೆಯಲ್ಲಿ ಕೂತಿದ್ದೆ. ಅವರು ಗ್ರಾಫಿನ ಮೇಲೆ ಬೆರಳಾಡಿಸುತ್ತ, "ನಮ್ಮೂರ ಹುಡುಗ ಇಷ್ಟು ಚೆನ್ನಾಗಿ ಮಾಡ್ತಾನೆ ಅಂತ ಗೊತ್ತೇ ಇರಲಿಲ್ಲ," ಎಂದರು. ನಿಜ ಹೇಳಬೇಕೆಂದರೆ ಎದೆ ಉಬ್ಬಿತು.

೧೫-೩-೧೯೬೫, ಸೋಮವಾರ

ಓದಲು ರಜೆ. ಮನೆಗೆ ಬಂದರೆ ಮನೆ ಬಿಕೋ ಎನ್ನುತ್ತಿದೆ. ಫೂಫಿ ಬಂದವಳೇ ಮಲಗಿಬಿಟ್ಟಳು. ಅಬ್ಬಾ ಹೇಳಿದರು — ಹೋದ ವಾರದಿಂದ ಮಿಲ್ಲಿನಲ್ಲಿ ಒಂಬತ್ತು ಪುಟ್ಟಿಯ ಕಟ್ಟು. ಒಂಬತ್ತು ಆಗದವರು ಬರುವುದು ಬೇಡ. ಎಂಟು ಜನರನ್ನು ಬಿಡಿಸಿದ್ದಾರೆ. ದಾಸಮ್ಮ, ಪಟಾಲಮ್ಮ, ಮಗುವಿನ ತಾಯಿ... ಫೂಫಿಯನ್ನು ಇಟ್ಟುಕೊಂಡಿದ್ದಾರೆ.

ಎಂಟು. ನಾನು ಬರೆದ ಎಂಟೇ.

ಆದರೆ ಒಂಬತ್ತು ಆಗುತ್ತಿತ್ತಲ್ಲ? ಐದು ದಿನ ಎದುರಿಗೆ ನಿಂತು ನೋಡಿದ್ದೇನೆ. ಈಗ ಯಾಕೆ ಆಗುವುದಿಲ್ಲ? ಇದೊಂದು ಪ್ರಶ್ನೆ ಆಗಿನಿಂದ ತಲೆ ಕೊರೆಯುತ್ತಿದೆ. ಒಂದು ಪುಟವೂ ಓದಲಾಗಲಿಲ್ಲ.

೧೭-೩-೧೯೬೫

ಬಸ್‌ಸ್ಟ್ಯಾಂಡಿನಲ್ಲಿ ದಾಸಮ್ಮ ಸಿಕ್ಕಿದಳು. ತಾವರೆಕೆರೆ ಬಸ್ಸಿಗೆ ಕಾಯುತ್ತಿದ್ದಳು. ಮಧುಗಿರಿ ರಸ್ತೆಯಲ್ಲಿ ಜಲ್ಲಿ ಒಡೆಯುವ ಕೆಲಸ ಕೇಳಿ ಬಂದಿದ್ದಳಂತೆ, ವಯಸ್ಸಾಯಿತು ಎಂದು ವಾಪಸ್ಸು ಕಳಿಸಿದರಂತೆ. ತಪ್ಪಿಸಿಕೊಂಡು ಹೋಗೋಣ ಎಂದುಕೊಂಡೆ. ಅವಳೇ ಕರೆದಳು.

"ಪಾಸಾದ್ಯಾ ಮಗಾ?"

ಇನ್ನೂ ಇಲ್ಲ, ಮುಂದಿನ ತಿಂಗಳು, ಎಂದೆ.

"ಇನ್ನೂ ಮುಗ್ದಿಲ್ವಾ? ನಾವು ಆಗ್ಲೇ ಪಾಸ್ ಮಾಡ್ಸಿ ಆಯ್ತು ಅಂದ್ಕಂಡಿದ್ವಲ್ಲೋ."

ಏನು ಮಾಡಿಸಿದಿರಿ ಎಂದೆ. ಆಗ ಹೇಳಿದಳು. ಹೇಳಿದ ಹಾಗೇ ಬರೆಯುತ್ತೇನೆ, ಒಂದು ಮಾತೂ ಬಿಡದೆ.

"ನಿಮ್ಮತ್ತೆ ಏಳಿದ್ಲು ಕಣಪ್ಪ, ನಾವು ಬಿರ್‌ಬಿರ್‍ನೆ ಮಾಡುದ್ರೆ ಹುಡುಗಂಗೆ ಮಾರ್ಕು ಜಾಸ್ತಿ ಬತ್ತವೆ ಅಂತ. ಆಯ್ತು ಬುಡು, ನಮ್ ಹುಡುಗ ತಾನೇ ಅಂದ್ವಿ. ನೀನು ಇರೋಗಂಟ ಮೇಲ್ಮೇಲೆ ಕೈಯಾಡ್ಸಿ ಪುಟ್ಟಿ ತುಂಬ್ಸಿ ಸುರಿಯಾದು. ನಾಕಕ್ಕೆ ನೀನು ಅತ್ಲಾಗೆ ಓದೇಟ್ಗೆ, ರಾಶಿನೆಲ್ಲ ತಿರ್ಗ ಎಳ್ಕಂಡು ಕೂತು ಕಲ್ಲು ತೆಗೆಯಾದು. ಕಣ್ಣು ಕಾಣೋಗಂಟ. ಇಲ್ದಿದ್ರೆ ಮಾಲು ಕೆಡ್ತದಲ್ಲ. ನಿಮ್ಮತ್ತೆ ಬೆಳಗ್ಗಿಂದ ತೊಟ್ಟು ನೀರಿಲ್ದೆ ಕುಂತವ್ಳೆ, ನಾವೆಂಗೆ ಎದ್ದೋಗಾದು? ಅವಳ ಮುಂದೆ ಗಟಗಟ ನೀರು ಕುಡ್ಯಾದು ಎಂಗೆ? ಅದ್ಕೇ ನಾನು ಎಲೆಅಡಿಕೆನೂ ಹಾಕ್ಲಿಲ್ಲ."

ನನ್ನ ಮುಖ ನೋಡಿ ಅವಳೇ ಮುಂದುವರಿಸಿದಳು.

"ಓಗ್ಲಿ ಬುಡು. ಆ ಗಂಗಾಧರಯ್ಯಂಗೆ ಅದ್ಯಾವನು ಏಳ್ಕೊಟ್ನೋ ಒಂಬತ್ತು ಪುಟ್ಟಿ ಅಂತ. ಅವನ ಕೈ ಸೇದೋಗ. ನೀನು ಚೆಂದಾಗಿ ಓದು."

ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ಕೈಬೀಸಿದಳು. ನಾನೂ ಬೀಸಿದೆ. ಅದೇ ಕೈ.

ಅದೇ ದಿನ, ಮಧ್ಯಾಹ್ನ ೩

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಏಳು, ಎಂಟು, ಒಂಬತ್ತು, ಹನ್ನೊಂದು, ಹನ್ನೆರಡು. ಫೂಫಿ ತಡ. ಫೂಫಿ ತಡ. ನನ್ನ ಕೈಯಾರೆ ಬರೆದಿದ್ದೇನೆ, ಹರಟೆ ಎಂದು. ವಾಚಿನಲ್ಲಿ ಸೆಕೆಂಡಿನ ಐದನೇ ಒಂದು ಭಾಗ ನೋಡುತ್ತಿದ್ದವನಿಗೆ, ದಿನಾ ಎರಡು ತಾಸು ಮನೆಗೆ ಬಾರದವಳು ಕಾಣಲಿಲ್ಲ.

ಆರನೇ ತಾರೀಖಿನ ಶೀಟು ಹಿಂಬದಿಯಲ್ಲೇ ಇದೆ. ತಲೆಗೆ ಆರು. ಅದೇ ನಿಜವಾದ ದಿನ. ಅದನ್ನೇ ಎಸೆದೆ.

೧೮-೩-೧೯೬೫

ಗಂಗಾಧರಯ್ಯನವರ ಮನೆ. ಇವತ್ತೂ ಕುರ್ಚಿ, ಇವತ್ತೂ ಕಾಫಿ. ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡು ಬರಬಹುದಿತ್ತು.

"ನೋಡಿ ಜಹೀರ್, ಇಷ್ಟು ವರ್ಷ ಯಾರನ್ನೂ ಬಿಡಿಸಬೇಕು ಅಂತ ನಾನು ಅಂದುಕೊಂಡವನಲ್ಲ. ಹದಿನಾರು ಜನ ಸಾಕು ಅಂತ ಬರೆದದ್ದು ನೀವು. ಅದಕ್ಕೆ ನಿಮ್ಮ ಪ್ರೊಫೆಸರು ಎಕ್ಸಲೆಂಟ್ ಅಂದಿದಾರೆ ಅಂತ ಹೇಳಿದ್ದೂ ನೀವೇ. ಈಗ ಬಾಯಿಮಾತಲ್ಲಿ ತಪ್ಪು ಅಂದರೆ ಹೇಗೆ? ನಿಮ್ಮತ್ತೆಗೆ ಕಷ್ಟ ಆಯ್ತು ಅಂತ ಹೇಳ್ತಿದೀರಿ ಅಂದುಕೊಳ್ಳಲ್ವೇ ಜನ?"

ಇನ್ನೊಂದು ಸಲ ಸ್ಟಡಿ ಮಾಡುತ್ತೇನೆ ಎಂದೆ. ಈಗ ನೀವು ವಾಚು ಹಿಡಿದರೆ ಅವರು ಬೇಕೆಂದೇ ನಿಧಾನ ಮಾಡುತ್ತಾರೆ, ಎಂದರು. ಅದೂ ನಿಜವೇ. ಆ ವಾಚು ಇನ್ನು ಆ ಶೆಡ್ಡಿನಲ್ಲಿ ನಿಜ ಹೇಳುವುದಿಲ್ಲ.

ಕೊನೆಗೆ ಅವರೇ ಹೇಳಿದರು. "ಕಾಲೇಜಿನಿಂದ ಒಂದು ಕಾಗದ ತನ್ನಿ, ಈ ಲೆಕ್ಕ ತಪ್ಪು ಅಂತ. ಮಾರನೇ ದಿನವೇ ಎಂಟೂ ಜನ ಒಳಗೆ. ಮಾತು ಕೊಡ್ತೀನಿ."

ಅಂದರೆ ನನ್ನ ಡಿಸರ್ಟೇಷನ್ ಸುಳ್ಳು ಎಂದು ಕಾಲೇಜು ಬರೆದುಕೊಡಬೇಕು. ಬರೆದುಕೊಟ್ಟರೆ ಡಿಗ್ರಿ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾಯಿತು. ಈಗ ಬರೆ ಅಳಿಸಬೇಕಾದರೆ ಎತ್ತೇ ಹೋಗಬೇಕು.

೧೯-೩-೧೯೬೫

ಫೂಫಿಗೆ ಹೇಳಿದೆ. ಆಶ್ಚರ್ಯಪಡಲಿಲ್ಲ. "ಗೊತ್ತು," ಎಂದಳು. ಓದು ಬಾರದವಳಿಗೆ ಹೇಗೆ ಗೊತ್ತು ಎಂದರೆ —

"ಒಂಬತ್ತು ಅಂದಾಗಲೇ ಗೊತ್ತಾಯ್ತು ಬೇಟಾ. ಹದಿನೆಂಟು ವರ್ಷದಲ್ಲಿ ಒಂಬತ್ತು ಆಗಿದ್ದು ಆ ಐದು ದಿನ ಮಾತ್ರ."

ಬೇರೆಯವರಿಗೆ ಹೇಳಿಲ್ಲ. ಯಾರು ಬೈದರೂ ತಾನೂ ಜೊತೆಗೆ ಬೈಯುತ್ತಾಳಂತೆ, ಯಾವನೋ ಹೇಳಿಕೊಟ್ಟ ಎಂದು. ನನಗೆ ಅಳು ಬಂತು. ಅತ್ತುಬಿಟ್ಟೆ. ಇಪ್ಪತ್ತಮೂರು ವರ್ಷದ ಗಂಡಸು.

ಕಾಲೇಜಿನಲ್ಲಿ ಹೇಳಿಬಿಡುತ್ತೇನೆ, ಎಂದೆ. ಹೇಳಿದರೆ ಫೇಲಾಗುತ್ತೀಯಾ, ಎಂದು ಕೇಳಿದಳು. ಆಗಬಹುದು.

"ಹಂಗಾದ್ರೆ ಹೇಳ್ಬೇಡ. ಇಪ್ಪತ್ತನಾಲ್ಕು ಜನ ನಿನಗೋಸ್ಕರ ಕೂತು ಆರಿಸಿದ್ದೇವೆ. ನೀನೂ ಫೇಲಾದ್ರೆ ಅವರ ಕೆಲಸನೂ ಹೋಯ್ತು, ಅವರು ಮಾಡಿದ್ದೂ ಹೋಯ್ತು. ಏನು ಉಳೀತು?"

ಎರಡು ವರ್ಷ ಮ್ಯಾನೇಜ್‌ಮೆಂಟ್ ಓದಿದ್ದೇನೆ, ಈ ಲೆಕ್ಕ ಅದರಲ್ಲಿ ಇರಲಿಲ್ಲ.

೨-೪-೧೯೬೫, ಬೆಂಗಳೂರು

ಕೆಲಸದ ಕಾಗದ ಬಂದಿದೆ. ಯಂತ್ರಗಳ ಕಾರ್ಖಾನೆ, ಪ್ಲಾನಿಂಗ್ ಸೆಕ್ಷನ್ನು. ಡಿಗ್ರಿ ಸರ್ಟಿಫಿಕೇಟು ತೋರಿಸಿ ಜೂನ್ ಒಂದಕ್ಕೆ ಸೇರಬೇಕು. ರೂಮಿನವರೆಲ್ಲ ಬೆನ್ನು ತಟ್ಟಿದರು.

ಗೈಡಿಗೆ ಕಾಗದ ಬರೆಯಲು ನಾಲ್ಕು ಸಲ ಕೂತೆ. ಮೊದಲನೆಯದರಲ್ಲಿ ತಪ್ಪು ಹೆಂಗಸರದು ಎನ್ನುವ ಹಾಗೆ ಬಂತು. ಎರಡನೆಯದರಲ್ಲಿ ರೋಜಾದ್ದು. ಮೂರನೆಯದರಲ್ಲಿ ಗಂಗಾಧರಯ್ಯನವರದು. ನಾಲ್ಕನೆಯದನ್ನು 'ನಾನು' ಎಂದು ಶುರು ಮಾಡಿ ಅಲ್ಲೇ ಬಿಟ್ಟೆ.

೧೧-೪-೧೯೬೫, ಶಿರಾ

ಬಕ್ರೀದ್ ಹತ್ತಿರ ಬಂತು. ಅಬ್ಬಾಗೆ ಕೈತುಂಬ ಕೆಲಸ. ಆದರೂ ಎಲ್ಲ ಬಿಟ್ಟು ಕೊರಟಗೆರೆಗೆ ಹೊರಟರು. ಹೋದ ತಿಂಗಳು ಒಂದು ಮದುವೆ ಮನೆಗೆ ದೊಡ್ಡ ಹಂಡೆಗೆ ಕಲಾಯಿ ಹಾಕಿದ್ದರಂತೆ. ತಳದಲ್ಲಿ ಅಂಗೈ ಅಗಲ ಸರಿಯಾಗಿ ಹತ್ತಿರಲಿಲ್ಲ ಎಂದು ಈಗ ಅನುಮಾನ. ಯಾರೂ ದೂರು ಹೇಳಿಲ್ಲ. ಹಬ್ಬ ಮುಗಿಸಿ ಹೋಗಿ ಎಂದೆ.

"ಅಷ್ಟರಲ್ಲಿ ಅವರು ಅದರಲ್ಲಿ ಹುಳಿ ಮಾಡಿ, ಕಿಲುಬು ಹೊಟ್ಟೆಗೆ ಹೋದರೆ?" ಎಂದು ತಿದಿ ಹೊತ್ತುಕೊಂಡು ಹೋದರು.

ನನಗೆ ಕೋಪ ಬಂತು. ಯಾರ ಮೇಲೆ ಎಂದು ಬರೆಯುವುದಿಲ್ಲ.

೨೪-೪-೧೯೬೫, ಶನಿವಾರ

ನಾಳೆ ಬೆಳಗ್ಗೆ ಬಸ್ಸು. ಮಿಲ್ಲು ಬಿಟ್ಟು ಬಂದವಳೇ ಫೂಫಿ ನನಗೆಂದು ಪುಲಾವ್ ಮಾಡಿದಳು. ಹೊರಡುವ ಮುಂಚೆ ಯಾವಾಗಲೂ ಮಾಡುತ್ತಾಳೆ.

ಎರಡನೇ ತುತ್ತಿಗೆ ಕಲ್ಲು. ಕಟಕ್ ಎಂದಿತು. ನುಂಗಿಬಿಡೋಣ ಎಂದುಕೊಂಡೆ, ಆದರೆ ಸದ್ದು ಅವಳಿಗೆ ಕೇಳಿತ್ತು. ಅಂಗೈ ಚಾಚಿದಳು. ಇಲ್ಲಿ ಉಗಿ, ಎಂದಳು. ನಾನು ಹುಟ್ಟಿದಾಗಿನಿಂದ ಈ ಮನೆಯ ಅನ್ನದಲ್ಲಿ ಕಲ್ಲು ಸಿಕ್ಕಿದ್ದಿಲ್ಲ. ಮೊಹಲ್ಲಾದಲ್ಲಿ ಮದುವೆಯಾದರೆ ಅಕ್ಕಿ ಆರಿಸಲು ಅವಳನ್ನೇ ಕರೆಯುತ್ತಾರೆ.

ದೀಪದ ಹತ್ತಿರ ಹಿಡಿದು ನೋಡಿದಳು. ಜೋಳದ ಕಾಳಿನಷ್ಟು ದೊಡ್ಡದು. ಕುರುಡರಿಗೂ ಸಿಗುವಂಥದು.

"ಕಣ್ಣಲ್ಲ," ಎಂದಳು, ತನಗೇ ಹೇಳಿಕೊಳ್ಳುವ ಹಾಗೆ. "ಕೈ. ಈಗ ಮನೆಯಲ್ಲೂ ನಿಧಾನ ಆಗೋದೇ ಇಲ್ಲ ಇದು. ಓಡ್ತಾನೇ ಇರ್ತದೆ."

ಕಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಎಸೆಯಲಿಲ್ಲ. ನನ್ನ ತಟ್ಟೆ ತೆಗೆದುಕೊಂಡು, ಅನ್ನವನ್ನು ಬೆರಳಿನಿಂದ ಹರಡಿ, ಅಗುಳು ಅಗುಳು ನೋಡಿ ಮತ್ತೆ ಮುಂದಿಟ್ಟಳು. ಉಂಡೆ. ತಣ್ಣಗಾಗಿತ್ತು.

ಹೇಳಬೇಡ ಎಂದು ಇವತ್ತು ಅವಳು ಹೇಳಲಿಲ್ಲ. ಹೇಳು ಎಂದೂ ಹೇಳಲಿಲ್ಲ.

೨೬-೪-೧೯೬೫, ಸೋಮವಾರ, ಬೆಳಗ್ಗೆ ೧೦-೪೦

ವೈವಾ ಕೋಣೆಯ ಹೊರಗೆ ಬೆಂಚು. ನನಗಿಂತ ಮುಂಚಿನವನು ಒಳಗಿದ್ದಾನೆ. ತೊಡೆಯ ಮೇಲೆ ಡಿಸರ್ಟೇಷನ್, ಅದರ ಮೇಲೆ ಈ ಪುಸ್ತಕ, ಅದರ ಹಿಂಬದಿಯಲ್ಲಿ ಆರನೇ ತಾರೀಖಿನ ಶೀಟು. ಜನವರಿಯ ಪುಟಗಳಿಗೆ ದಾರ ಇಟ್ಟಿದ್ದೇನೆ. ಮದರಾಸಿನ ಪರೀಕ್ಷಕರಿಗೆ ಕನ್ನಡ ಬಾರದು. ಯಾರೂ ಓದಬಾರದು ಎಂದು ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿ ಇಂಗ್ಲಿಷಿನಲ್ಲಿ ಹೇಳಬೇಕು. ಫೂಫಿ ತಡ. ಹರಟೆ ಇರಬೇಕು. ಅದನ್ನೂ ಹೇಳಬೇಕು.

ಹೆದರಿಕೆಯಾಗುತ್ತಿದೆ. ಜೂನ್ ಒಂದು ನೆನಪಾಗುತ್ತದೆ. ಅಬ್ಬಾಗೆ ಏನು ಹೇಳುವುದು ಎಂಬುದೂ. ಎದ್ದು ಹೋಗಿಬಿಟ್ಟರೆ... ಇಲ್ಲ, ಎದ್ದು ಹೋದರೂ ಅದೇ ಗತಿ. ಒಳಗೆ ಹೋಗಿ ಬಾಯಿ ಮುಚ್ಚಿಕೊಂಡರೆ ಮಾತ್ರ ಪಾಸು.

ಮೊದಲನೇ ಪ್ರಶ್ನೆ ಗೊತ್ತು. ಎಲ್ಲರಿಗೂ ಅದನ್ನೇ ಕೇಳುತ್ತಿದ್ದಾರಂತೆ. ಎಷ್ಟು ದಿನ ನೋಡಿದಿರಿ, ಎಷ್ಟರಿಂದ ಎಷ್ಟರವರೆಗೆ? ಐದಲ್ಲ ಸರ್, ಆರು ದಿನ. ಮೊದಲ ದಿನ ಬಿಟ್ಟರೆ, ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ. ಅಷ್ಟು ಕೇಳಿ ಅವರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಹೋಗಲು ಬಿಡಬಾರದು. ಅಲ್ಲೇ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮುಂದಿನದನ್ನು ಯಾರೂ ಕೇಳದಿದ್ದರೂ ನಾನೇ —

ಒಳಗಿದ್ದವನು ಹೊರಗೆ ಬಂದ. ಜವಾನ ನನ್ನ ಹೆಸರು ಕರೆಯುತ್ತಿದ್ದಾನೆ. ಎರಡನೇ ಸಲ.

ಸರ್, ನಾಲ್ಕು ಗಂಟೆಯ ಮೇಲೆ ಅವರು —